ಮುಚ್ಚಳಕ್ಕೆ ಚಿಮುಕಿಸಿದ ನೀರು

ಮೊನ್ನೆ ಮಗಳು ಕರೆಂಟಿನ ದೋಸೆ ಕಾವಲಿ ತಂದಳು. ಬಿಸಿ ಎಷ್ಟೆಂದು ಅಂಕಿಯಲ್ಲಿ ತೋರಿಸುತ್ತದಂತೆ. ನಾನು ಅದನ್ನು ನೋಡದೆ ನೀರು ಚಿಮುಕಿಸಿದೆ. ಚುಂಯ್ ಎಂದಿತು... ಕೈ ಅಲ್ಲೇ ನಿಂತುಬಿಟ್ಟಿತು.

ಎರಡು ಸಾವಿರದ ಇಸವಿ ದಾಟಿದ ಹೊಸತು. ವಡೋದರಾದ ಗೋರ್ವಾದಲ್ಲಿ, ಬಟ್ಟೆಗೆ ಬಣ್ಣ ಹಾಕುವ ಯಂತ್ರಗಳಿಗೆ ಸಾಫ್ಟ್‌ವೇರ್ ಬರೆಯುವ ಪುಟ್ಟ ಕಂಪನಿಯಲ್ಲಿ ನಾನಿದ್ದೆ. ನನಗೆ ಕೆಲಸ ಕಲಿಸಿದವಳು ಅಲ್ಲೇ ಇದ್ದ ಧಾರವಾಡದವಳು, ನಾನು ಅಕ್ಕ ಅನ್ನುತ್ತಿದ್ದೆ. ಗುಜರಾತಿಗಳು ಅವಳನ್ನು ‘ಅಕ್ಕಾಬೆನ್’ ಅನ್ನುತ್ತಿದ್ದರು. ಬೆನ್ ಅಂದರೂ ಅಕ್ಕನೇ, ಅಕ್ಕ-ಅಕ್ಕ ಅಂದ ಹಾಗೆ! ಕೇಳಿದಾಗಲೆಲ್ಲ ನಗುತ್ತಿದ್ದಳು.

ಸೂರತ್ತಿನ ಪಾಂಡೇಸರಾದ ಒಂದು ಮಿಲ್ಲಿನಲ್ಲಿ ನಮ್ಮ ಹಳೇ ವರ್ಷನ್ ಗುಂಡುಕಲ್ಲಿನ ಹಾಗೆ ಗಟ್ಟಿಯಾಗಿ ಓಡುತ್ತಿತ್ತು. ಒಂದೇ ಕಾಯಿಲೆ, ಪರದೆಯ ಮೇಲಿನ ಬಿಸಿಯ ಅಂಕಿ ಆಗಾಗ ನಿಂತುಬಿಡುತ್ತಿತ್ತು. ಅದನ್ನು ನಂಬಿ, ಒಳಗೆ ಬಣ್ಣದ ನೀರು ಒತ್ತಡದಲ್ಲಿ ಕುದಿಯುವಾಗ ಯಂತ್ರದ ಮುಚ್ಚಳ ತೆಗೆದರೆ ಕಥೆ ಮುಗಿದಂತೆ. ಸದ್ಯಕ್ಕೆಂದು ಅಕ್ಕನೇ ಕೆಲಸಗಾರರಿಗೆ ಕಾವಲಿಯ ಪಾಠ ಕಲಿಸಿದ್ದಳು: ಮುಚ್ಚಳಕ್ಕೆ ನೀರು ಚಿಮುಕಿಸಿ, ಚುಂಯ್ ಅಂದರೆ ಮುಟ್ಟಬೇಡಿ.

ಹೊಸ ವರ್ಷನ್ನಿನಲ್ಲಿ ಆ ದೋಷ ಸರಿಯಾಗಿತ್ತು. ಆದರೆ ಎಲ್ಲ ಬದಲಿಸಲು ದೀಪಾವಳಿಯ ಮುಂಚೆ ಯಂತ್ರ ನಿಲ್ಲಿಸಲಾರೆ ಎಂದ ಮಿಲ್ಲಿನ ಸೇಠ್. ದೋಷ ಸರಿಮಾಡಿದ ನಾಲ್ಕು ಸಾಲು ಕೋಡನ್ನಷ್ಟೇ ಹಳೆಯದಕ್ಕೆ ಹಾಕಿಕೊಡಬೇಕಂತೆ.

“ನೆಟ್ಟಗ ನಡ್ಯೋದನ್ನ ಮುಟ್ಟಿದ್ರ, ಇರಲಾರದಾಂವ ಇರುವಿ ಬಿಟ್ಕೊಂಡಂಗ ಆಗ್ತದ,” ಅಂದಳು ಅಕ್ಕ. “ಬಿಟ್ರ, ಒಂದಿನ ಯಾವನರ ನೀರು ಹಾಕೋದು ಮರೀತಾನ.”

ಕೊನೆಗೆ ಆ ಮರೆಯುವವನ ಕಡೆಗೇ ತಕ್ಕಡಿ ವಾಲಿತು. ನಾಲ್ಕು ಸಾಲು ಹಾಕಿ ಆಫೀಸಿನಲ್ಲಿ ಪರೀಕ್ಷೆ ಮಾಡಿದಳು, ಎಲ್ಲ ಸರಿಯಿತ್ತು.

ಮಿಲ್ಲಿಗೆ ಇಬ್ಬರೂ ಹೋದೆವು. ಅಂಕಿ ಈಗ ಎಲ್ಲೂ ನಿಲ್ಲಲಿಲ್ಲ. ಏರಿತು, ಇಳಿಯಿತು, ಮುಚ್ಚಳ ತೆಗೆಯಬಹುದಾದ ನಲವತ್ತು ಡಿಗ್ರಿಗೆ ಬಂತು. ಮೊದಲ ಸಲ ತಾನೇ ತೆಗೆಯುತ್ತೇನೆಂದು ಅಕ್ಕ ಕೆಲಸಗಾರನನ್ನು ಹಿಂದೆ ಸರಿಸಿದಳು. ಅವನು ನೀರಿನ ಚೊಂಬು ಹಿಡಿದೇ ನಿಂತಿದ್ದ.

“ಅಕ್ಕಾಬೆನ್, ಪಾನೀ ಡಾಲೂಂ?” ನೀರು ಹಾಕಲೇ ಎಂದು ಕೇಳಿದ.

“ಅಬ್ ಕ್ಯೂಂ, ಭಾಯಿ?” ಈಗ್ಯಾಕೆ ಎಂದು ಅಕ್ಕ ನಕ್ಕಳು.

ಆ ನಗು ಮುಗಿಯುವ ಮುಂಚೆಯೇ ಮುಚ್ಚಳ ತೆಗೆದಳು... ಹುಳಿ ವಾಸನೆಯ ಬಿಳೀ ಹಬೆ. ಕಿರುಚಿದ್ದು ನಾನೋ ಅವಳೋ, ಇವತ್ತಿಗೂ ಗೊತ್ತಿಲ್ಲ. ಅಕ್ಕ ಉಳಿಯಲಿಲ್ಲ.

ಕಾರಣ ಆಮೇಲೆ ತಿಳಿಯಿತು. ಹಳೇ ವರ್ಷನ್ ಯಂತ್ರಗಳನ್ನು ಒಂದರಿಂದ ಎಣಿಸುತ್ತಿತ್ತು, ಹೊಸದು ಸೊನ್ನೆಯಿಂದ. ಹಾಗಾಗಿ ಆ ನಾಲ್ಕು ಸಾಲು ತೋರಿಸಿದ್ದು ಪಕ್ಕದ ಯಂತ್ರದ ಬಿಸಿಯನ್ನು. ಆಫೀಸಿನ ಪರೀಕ್ಷೆಯಲ್ಲಿ ಎಲ್ಲ ಯಂತ್ರಕ್ಕೂ ಒಂದೇ ಬಿಸಿ ಕೊಟ್ಟಿದ್ದರಿಂದ ಗೊತ್ತಾಗಿರಲಿಲ್ಲ. ನಿಂತ ಅಂಕಿಯನ್ನು ಯಾರೂ ನಂಬುತ್ತಿರಲಿಲ್ಲ, ಯಾರೂ ಸತ್ತಿರಲಿಲ್ಲ. ಓಡುವ ಅಂಕಿಯನ್ನು ಎಲ್ಲರೂ ನಂಬಿದೆವು... ನೀರಿನ ಪಾಠ ಕಲಿಸಿದವಳೂ.

“ಅಂಕಿ ಇದೆಯಲ್ಲಮ್ಮ, ಈಗ್ಯಾಕೆ ನೀರು?” ಎಂದು ಮಗಳು ನಕ್ಕಳು.

ಅದೇ ಮಾತು, ಅದೇ ನಗು. ನಾನು ಅವಳ ಕೈ ಹಿಡಿದು ಹಿಂದಕ್ಕೆಳೆದೆ, ಇನ್ನೊಮ್ಮೆ ನೀರು ಚಿಮುಕಿಸಿದೆ.