ಅವ್ವ ಕೇಳುತ್ತಿದ್ದ ಗುರುತು

ನಮ್ಮ ಮಸ್ಕಿಯ ಕಡೆ ಯಾರ ಕೈಯಲ್ಲಾದರೂ ಏನನ್ನಾದರೂ ತರಿಸಿಕೊಳ್ಳಬೇಕಾದರೆ ಜೊತೆಗೆ ಒಂದು ಗುರುತು ಹೇಳಿ ಕಳಿಸಬೇಕಿತ್ತು. ಗುರುತೆಂದರೆ ಹೇಳಿ ಕಳಿಸಿದವರಿಗೂ ಕೊಡುವವರಿಗೂ ಮಾತ್ರ ಗೊತ್ತಿರುವ ಒಂದು ಮಾತು. 'ನಿಮ್ಮ ತಂಗಿ ದೊಡ್ಡ ಕೊಪ್ಪರಿಗಿ ಕೇಳ್ಯಾಳ್ರೀ. ಗುರುತಿಗೆ, ಹೋದ ಅಮಾಸಿಗೆ ಹೋಳಿಗಿ ಸೀದಿದ್ದು ಹೇಳು ಅಂದ್ಳು' ಎಂದರೆ ಕೊಪ್ಪರಿಗೆ ಹೊರಗೆ ಬರುತ್ತಿತ್ತು. ಗುರುತಿಲ್ಲದೆ ಬಂದವರಿಗೆ ಕುಡಿಯಲು ನೀರು ಸಿಗುತ್ತಿತ್ತು, ಅಷ್ಟೇ.

ಅವ್ವ ಈ ಪದ್ಧತಿಯನ್ನು ಫೋನಿಗೂ ಹಚ್ಚಿದಳು. ಕಾರಣವಿತ್ತು. ತೊಂಬತ್ತರ ದಶಕದ ಆರಂಭ. ನಮ್ಮ ಓಣಿಗೆಲ್ಲ ಇದ್ದದ್ದು ಎದುರಿನ ಕಿರಾಣಿ ಅಂಗಡಿಯ ಒಂದೇ ಫೋನು. ಒಮ್ಮೆ ಯಾರೋ ಅದಕ್ಕೆ ಫೋನ್ ಮಾಡಿ, 'ಲಿಂಗಸುಗೂರಿನಾಗ ನಿನ್ನ ಹಿರೇ ಮಗಳಿಗೆ ಭಾಳ ಆರಾಮಿಲ್ಲ' ಎಂದರು. ಅವ್ವ ಜೀವ ಕೈಯಲ್ಲಿ ಹಿಡಿದು ಬಸ್ ಹತ್ತಿ ಹೋದರೆ, ಅಕ್ಕ ಕಟ್ಟೆಯ ಮೇಲೆ ಕೂತು ಶೇಂಗಾ ಸುಲಿಯುತ್ತಿದ್ದಳು. ಯಾರ ಕುಚೇಷ್ಟೆಯೋ ಕೊನೆಗೂ ತಿಳಿಯಲಿಲ್ಲ. ಅಂದಿನಿಂದ ಬೇರೆ ಊರಿಂದ ನಾನೇ ಫೋನ್ ಮಾಡಿ 'ಅವ್ವಾ' ಎಂದರೂ ಅತ್ತಲಿಂದ ಬರುತ್ತಿದ್ದ ಮೊದಲ ಮಾತು, 'ಗುರುತು ಹೇಳು.' ಪ್ರಶ್ನೆ ಪ್ರತಿ ಸಲ ಬೇರೆ. ಫೋನ್ ಬೂತಿನಲ್ಲಿ ನಿಂತ ನಾಲ್ಕು ಜನ ಕೇಳಿಸಿಕೊಂಡ ಗುರುತು ಅವಳ ಪಾಲಿಗೆ ಎಂಜಲು; ಎರಡನೆಯ ಸಲ ನಡೆಯುತ್ತಿರಲಿಲ್ಲ.

ನಾನು ಮದುವೆಯಾಗಿ ಸಿಂಧನೂರಿಗೆ ಬಂದೆ. ಚೊಚ್ಚಲ ಹೆರಿಗೆಗೆ ಅವ್ವ ಬಂದು ತವರಿಗೆ ಕರೆದೊಯ್ಯಬೇಕೆಂದಿತ್ತು. ಅದಕ್ಕೂ ಮೊದಲೇ ಒಂದು ಬೆಳಿಗ್ಗೆ ನೋವು ಶುರುವಾಯಿತು. ಆಸ್ಪತ್ರೆಯ ಮಂಚದ ಮೇಲೆ ಮಲಗಿ, ಅವ್ವ ಬರುವತನಕ ಹೆರುವುದಿಲ್ಲ ಎಂದು ಹಟ ಹಿಡಿದೆ, ಅದೇನೋ ನನ್ನ ಕೈಯಲ್ಲಿದ್ದಂತೆ! ಭಯವಾಗಿತ್ತು. ಅವ್ವನ ಕೈ ಹಿಡಿಯದಿದ್ದರೆ ಸತ್ತೇ ಹೋಗುತ್ತೇನೆ ಅನಿಸಿತ್ತು.

ನನ್ನ ಗಂಡ ಎದುರಿನ ಎಸ್‌ಟಿಡಿ ಬೂತಿಗೆ ಓಡಿದರು. ಅವರು ಮೊದಲೇ ಮಾತಿನ ಮನುಷ್ಯರಲ್ಲ. ಹೋದಷ್ಟೇ ಬೇಗ ಮುಖ ಕೆಂಪಗೆ ಮಾಡಿಕೊಂಡು ತಿರುಗಿ ಬಂದರು.

'ನಿಮ್ಮವ್ವ ಫೋನ್ ಇಟ್ಟುಬಿಟ್ಲು. ನಾ ಅಳಿಯ ಅಂದ್ರೂ ಗುರುತು ಕೇಳ್ತಾಳ. ಹೋದ ಸಲ ನೀ ಹೇಳಿದ್ದು ನೆನಪಿತ್ತು, ಅದನ್ನ ಹೇಳಿದೆ. ಅದು ಎಂಜಲಂತ!'

'ಹೊಸಾದು ಏನು ಕೇಳ್ಯಾಳ್ರೀ?'

'ನಾ ನಿನ್ನ ನೋಡಾಕ ಬಂದ ದಿನ ಅಡಗಿಮನ್ಯಾಗ ನೀ ಅಕಿ ಮುಂದ ಏನಂದಿದ್ದಿ ಅಂತ. ಲಗೂನ ಹೇಳು.'

ಕೇಳಲು ಅವ್ವನಿಗೆ ಬೇರೆ ಪ್ರಶ್ನೆಯೇ ಸಿಗಲಿಲ್ಲವೇ! ಆದರೆ ಹೇಳದೆ ಅವಳು ಬರುವಂತಿರಲಿಲ್ಲ. ಕಣ್ಣು ಮುಚ್ಚಿ ಹೇಳಿಬಿಟ್ಟೆ.

'ಈ ವರ ಬ್ಯಾಡವ್ವಾ, ಒಂದು ಮಾತಾಡಂಗಿಲ್ಲ, ಗೋಡಿ ಕೂಡ ಬಾಳೇವು ಮಾಡಿದಂಗ ಆಗ್ತೈತಿ, ಅಂದಿದ್ದೆ.'

ಅವರು ತಿರುಗಿ ಬೂತಿಗೆ ಓಡಿದರು. ಬೂತಿನ ತುಂಬ ಜವಳಗೇರಾ, ಸಾಲಗುಂದದ ಕಡೆಯ ಜನ. ಹೊರಗೆ ಭತ್ತದ ಟ್ರ್ಯಾಕ್ಟರುಗಳ ಸದ್ದು. ಮಸ್ಕಿಗೆ ಕೇಳಿಸಬೇಕಾದರೆ ಗಂಟಲು ಹರಿಯುವಂತೆ ಕೂಗಲೇಬೇಕು. 'ಗೋಡಿ ಕೂಡ ಬಾಳೇವು ಅಂದಿದ್ಳಂತ್ರೀ!' ಎಂದು ಅವರು ಕೂಗಿದ್ದು ಕಿಟಕಿಯಿಂದ ನನಗೂ ಕೇಳಿಸಿತು. ಅಲ್ಲಿದ್ದವರು ನಕ್ಕದ್ದೂ ಕೇಳಿಸಿತು. ನನಗೆ ಅಳು ಬಂತು.

ಅವ್ವ ಮುಂದಿನ ಬಸ್ಸಿಗೇ ಹೊರಟಳು. 'ಸುಳ್ಳು ಹೇಳಾವ ತನ್ನ ಮ್ಯಾಲೆ ತಾನ ಇಂಥಾ ಮಾತು ಹೇಳ್ಕೊಳ್ಳಂಗಿಲ್ಲ. ಇವ ಖರೇ ಅಳಿಯ ಅಂತ ಆಗ ಗೊತ್ತಾತು' ಎಂದು ಆಮೇಲೆ ಎಷ್ಟೋ ವರ್ಷ ಹೇಳುತ್ತಿದ್ದಳು.

ಬೂತಿನಿಂದ ಬಂದ ಇವರು ಮಂಚದ ಅಂಚಿಗೆ ಕೂತರು.

'ಬರಾಕತ್ತಾಳ' ಎಂದರು. ಆಮೇಲೆ, 'ಅಲ್ಲೀತನಕ ಈ ಗೋಡಿಗೆ ಒರಗು.'

ಒರಗಿದೆ. ಅವ್ವ ಬಂದು ನೋಡಿದಾಗ ನಾನು ಇವರ ಭುಜ ಕಚ್ಚಿ ಹಿಡಿದಿದ್ದೆನಂತೆ, ಇವರು ಅಲುಗದೆ ಕೂತಿದ್ದರಂತೆ.

ಅವ್ವ ಹೋಗಿ ಬಹಳ ಕಾಲವಾಯಿತು. ಈಗ ಯಾರ ಫೋನ್ ಬಂದರೂ ಹೆಸರು ಮೊದಲೇ ಕಾಣಿಸುತ್ತದೆ. ಆದರೂ ಇವರು ಫೋನ್ ಮಾಡಿದಾಗ ನಾನು, 'ಗುರುತು?' ಎನ್ನುತ್ತೇನೆ. 'ಗೋಡಿ' ಎನ್ನುತ್ತಾರೆ. ಅವ್ವನ ಲೆಕ್ಕದಲ್ಲಿ ಅದು ಎಂದೋ ಎಂಜಲಾದ ಗುರುತು. ನನಗೆ ಮಾತ್ರ ಬದಲಿಸುವ ಮನಸ್ಸಾಗಿಲ್ಲ.