ಇಪ್ಪತ್ತನಾಲ್ಕನೆಯ ಜಾಮ್ ಬಾಟಲಿ

ಮಂಗಳೂರಿನ ಬಿಜೈಯಲ್ಲಿರುವ ನಮ್ಮ ಮನೆಯಿಂದ ಸಕ್ಕರೆಯನ್ನು ಗಡೀಪಾರು ಮಾಡಿದವಳು ನಾನೇ. ಎರಡು ವರ್ಷದ ಹಿಂದೆ ನನ್ನ ಗಂಡನ ಎಡಗಾಲಿನ ಹೆಬ್ಬೆರಳಿಗೆ ಚಪ್ಪಲಿ ಉಜ್ಜಿ ಗಾಯವಾಯಿತು. ವಾರದಲ್ಲಿ ಒಣಗಬೇಕಾದ ಗಾಯ ಒಣಗಲಿಲ್ಲ. ಮೇಲಿಂದ ಮುಚ್ಚಿಕೊಂಡಂತೆ ತೋರುವುದು, ಎರಡು ತಿಂಗಳಿಗೆ ಮತ್ತೆ ಬಾಯಿ ತೆರೆಯುವುದು. ಶುಗರ್ ಇಳಿಯದಿದ್ದರೆ ಬೆರಳನ್ನು ಉಳಿಸುವುದು ಕಷ್ಟ ಎಂದು ಡಾಕ್ಟರು ಹೇಳಿದ ದಿನ ಸಂಜೆಯೇ ನಾನು ಸಕ್ಕರೆ, ಬೆಲ್ಲ, ಬಿಸ್ಕಿಟು, ಜೇನು ಎಲ್ಲವನ್ನೂ ಪಕ್ಕದ ಮನೆಗೆ ದಾಟಿಸಿದೆ. ಅವರೊಬ್ಬರೇ ಬಿಟ್ಟರೆ ನ್ಯಾಯವಲ್ಲವೆಂದು ನಾನೂ ಬಿಟ್ಟೆ. ಮೂವತ್ತು ವರ್ಷ ಹೈಸ್ಕೂಲಿನಲ್ಲಿ ವಿಜ್ಞಾನ ಕಲಿಸಿದವಳಿಗೆ ಶಿಸ್ತು ಎಂದರೆ ಒಂದು ಬಗೆಯ ಹಬ್ಬ.

ಆದರೂ ಶುಗರ್ ಇಳಿಯಲಿಲ್ಲ. ನಾನು ಅನ್ನ ಕಡಿಮೆ ಮಾಡಿದೆ, ರಾಗಿ ಹೆಚ್ಚಿಸಿದೆ, ದಿನ ಬಿಟ್ಟು ದಿನ ಹಾಗಲಕಾಯಿ ಮಾಡಿದೆ. ಅವರು ತಲೆತಗ್ಗಿಸಿ ತಿಂದರು. ಹಾಗಲಕಾಯಿಯನ್ನು ಇಷ್ಟು ಸಮಾಧಾನದಿಂದ ತಿನ್ನುವ ಗಂಡಸಿನ ಮೇಲೆ ನನಗೆ ಅವತ್ತೇ ಅನುಮಾನ ಬರಬೇಕಿತ್ತು. ನಾವು ಜಗಳವಾಡುವುದು ಕೊಂಕಣಿಯಲ್ಲಿ, ಸುಳ್ಳು ಹೇಳುವುದು ಇಂಗ್ಲಿಷಿನಲ್ಲಿ. ‘ಕಂಪ್ಲೀಟ್ ಕಂಟ್ರೋಲ್’ ಎಂದು ಅವರು ಫೋನಿನಲ್ಲಿ ಮಗಳಿಗೆ ಹೇಳುತ್ತಿದ್ದರು. ಮಗಳು ಕುವೈತಿನಲ್ಲಿ ನರ್ಸು, ಅವಳು ಅಪ್ಪನನ್ನು ನಂಬಲಿಲ್ಲ. ನಾನು ನಂಬಿದೆ.

ನನಗೆ ಮೇಣದ ಬತ್ತಿ ಮಾಡುವ ಹುಚ್ಚು ಹುಟ್ಟಿದ್ದೂ ಇದೇ ಸಕ್ಕರೆಯಿಂದ. ಪ್ರತಿವರ್ಷ ನವೆಂಬರ್ ಮುಗಿಯುವ ಮೊದಲೇ ನಾನು ಕ್ರಿಸ್ಮಸ್ಸಿನ ಕುಸ್ವಾರ್ ಸಿಹಿತಿಂಡಿಗಳಿಗೆ ಕೈ ಹಾಕುತ್ತಿದ್ದೆ. ಅದು ನಿಂತಿತು, ಕೈಗೆ ಕೆಲಸವಿಲ್ಲದಾಯಿತು. ಆಗ ಮೊಬೈಲಿನಲ್ಲಿ ಒಬ್ಬ ಹುಡುಗಿ ಕಾಣಿಸಿಕೊಂಡಳು. ಗಾಜಿನ ಬಾಟಲಿಗೆ ಮೇಣ ಹೊಯ್ದು, ನಡುವೆ ಬತ್ತಿ ನಿಲ್ಲಿಸಿ, ಅದಕ್ಕೆ ‘ಮನಶ್ಶಾಂತಿ’ ಎಂದು ಹೆಸರಿಟ್ಟಳು. ನಾವು ಹುಟ್ಟಿದಂದಿನಿಂದ ಇಗರ್ಜಿಯಲ್ಲೂ ಕರೆಂಟು ಹೋದಾಗಲೂ ಮೇಣದ ಬತ್ತಿ ಉರಿಸಿದವರು. ಮನಶ್ಶಾಂತಿ ಸಿಕ್ಕಿತೆಂದು ಯಾರೂ ಹೇಳಿದ್ದನ್ನು ನಾನು ಕೇಳಿಲ್ಲ. ಆದರೂ ಮೇಣ ತರಿಸಿದೆ.

ಮೊದಲು ‘ಸಮುದ್ರದ ಗಾಳಿ’ ಎಂಬ ಪರಿಮಳದ ಎಣ್ಣೆ ತಂದೆ. ಮಂಗಳೂರಿನವರಿಗೆ ಸಮುದ್ರದ ಗಾಳಿಗೆ ಎಂಥ ವಾಸನೆಯೆಂದು ಗೊತ್ತು, ಹಾಗಾಗಿ ಆ ಬತ್ತಿಯನ್ನು ನೆರೆಕರೆಯವರಾರೂ ಮುಟ್ಟಲಿಲ್ಲ. ವೆನಿಲ್ಲಾ ಮಾತ್ರ ಎಲ್ಲರಿಗೂ ಬೇಕು. ಒಂದು ಚಿಟಿಕೆ ಸಕ್ಕರೆ ಇಲ್ಲದ ಮನೆಯಲ್ಲಿ ದಿನವಿಡೀ ಕೇಕಿನ ವಾಸನೆ. ಪ್ರತಿ ಬತ್ತಿಯನ್ನೂ ಉರಿಸಿ ನೋಡುವ ಕೆಲಸವನ್ನು ನನ್ನ ಗಂಡ ತಾವಾಗಿಯೇ ವಹಿಸಿಕೊಂಡರು. ಕಣ್ಣು ಮುಚ್ಚಿ ಅದರ ಪಕ್ಕ ಕೂತಿರುತ್ತಿದ್ದರು. ನನ್ನ ಕಲೆಯ ಮೇಲೆ ಅವರಿಗೆ ಎಷ್ಟು ಅಭಿಮಾನ ಎಂದು ನಾನು ಕರಗುತ್ತಿದ್ದೆ.

ಕಷ್ಟ ಇದ್ದದ್ದು ಬಾಟಲಿಯಲ್ಲಿ. ನಮ್ಮ ಪೈಕಿ ಪ್ರತಿಯೊಂದು ಮನೆಯ ಅಟ್ಟದಲ್ಲೂ ಗಲ್ಫಿನಿಂದ ಬಂದ ಕಾಫಿಪುಡಿಯ ಬಾಟಲಿಗಳು ಮುಂದೆ ಬೇಕಾಗುತ್ತದೆ ಎಂಬ ಕಾರಣಕ್ಕೆ ಕೂತಿರುತ್ತವೆ. ಆ ‘ಮುಂದೆ’ ಕೊನೆಗೂ ಬಂತೆಂದು ನಾನು ಎಲ್ಲವನ್ನೂ ಇಳಿಸಿದೆ. ಅವುಗಳ ಕುತ್ತಿಗೆ ಸಪೂರ, ಒಳಗೆ ಗಾಳಿ ಆಡುವುದಿಲ್ಲ. ಬತ್ತಿ ಎರಡು ಬೆರಳು ಉರಿದು, ಗಾಜನ್ನೆಲ್ಲ ಮಸಿ ಮಾಡಿ ಸತ್ತುಹೋಗುತ್ತಿತ್ತು. ಉಪ್ಪಿನಕಾಯಿ ಬಾಟಲಿಯ ಬಾಯಿ ಅಗಲವೇನೋ ಹೌದು, ಗಾಜೂ ತೊಳೆದರೆ ಶುದ್ಧ. ಆದರೆ ಮುಚ್ಚಳ ಮಾತ್ರ ತನ್ನ ಹಿಂದಿನ ಜನ್ಮವನ್ನು ಮರೆಯುವುದಿಲ್ಲ. ನನ್ನ ಲ್ಯಾವೆಂಡರ್ ಬತ್ತಿಯ ಮುಚ್ಚಳ ತೆರೆದವರಿಗೆಲ್ಲ ಗಂಜಿ ಊಟದ ನೆನಪಾಯಿತು. ನೀರು ಕುಡಿಯುವ ತೆಳು ಲೋಟವೊಂದನ್ನು ಇಗರ್ಜಿಯ ಮಹಿಳೆಯರ ಎದುರು ಉರಿಸಿ ತೋರಿಸಿದೆ. ಗಾಜು ಏಕೆ ಬಿಸಿಗೆ ಒಡೆಯುತ್ತದೆ ಎಂಬ ಪಾಠವನ್ನು ನಾನು ವಿವರಿಸುತ್ತಿದ್ದಾಗಲೇ ಅದು ಟಪ್ ಎಂದು ಒಡೆದು ಉದಾಹರಣೆ ಕೊಟ್ಟಿತು. ಆನ್‌ಲೈನಿನಲ್ಲಿ ತರಿಸಿದ ಬಾಟಲಿಗಳ ಪೆಟ್ಟಿಗೆ ತೆರೆಯುವ ಮೊದಲೇ ಗಲಗಲ ಎಂದಿತು.

ಅಷ್ಟರಲ್ಲಿ ಶಕ್ತಿನಗರದ ನಾದಿನಿ ತನ್ನ ಮಗಳ ಮದುವೆ ನಿಶ್ಚಯ ಮಾಡಿದಳು. ರಿಸೆಪ್ಶನ್ನಿಗೆ ಇಪ್ಪತ್ತನಾಲ್ಕು ಮೇಜು, ಮೇಜಿಗೊಂದು ಬತ್ತಿ, ಎಲ್ಲ ಬಾಟಲಿಯೂ ಒಂದೇ ತರದ್ದಿರಬೇಕು ಎಂದಳು. ಮನೆಯಲ್ಲಿ ಮಾಡಿದ್ದು ಅಂತ ಕಾಣಬಾರದು ಎಂದು ಬೇರೆ ಸೇರಿಸಿದಳು. ನಾನು ಒಪ್ಪಿದೆ. ಒಪ್ಪದಿದ್ದರೆ ಅವಳು ಪ್ಲಾಸ್ಟಿಕ್ ಹೂವು ಇಡುತ್ತಾಳೆ, ಅದರ ಎದುರು ಸೋಲಲು ನನಗೆ ಮನಸ್ಸಿರಲಿಲ್ಲ.

ಪೇಟೆಯ ಅಂಗಡಿಗಳನ್ನೆಲ್ಲ ಸುತ್ತಿ, ಕೊನೆಗೆ ಯಾರೋ ಹೇಳಿದರೆಂದು ಕುದ್ರೋಳಿಯ ಒಂದು ಗುಜರಿ ಅಂಗಡಿಗೆ ಹೋದೆ. ಅಂಗಡಿಯ ಬ್ಯಾರಿ ಮುದುಕರನ್ನು ಎಲ್ಲರೂ ಕಾಕ ಎನ್ನುತ್ತಿದ್ದರು, ನಾನೂ ಎಂದೆ. ನಾನು ಟೀಚರೆಂದು ಪರಿಚಯ ಹೇಳಿಕೊಂಡು, ನನಗೆ ಬೇಕಾದ ಗಾಜಿನ ಲಕ್ಷಣಗಳನ್ನು ಹತ್ತು ನಿಮಿಷ ವಿವರಿಸಿದೆ. ಅವರು ಪೂರ್ತಿ ಕೇಳಿ, ಒಳಗೆ ಹೋಗಿ ಎರಡು ರಟ್ಟಿನ ಪೆಟ್ಟಿಗೆ ತಂದಿಟ್ಟರು.

ಜಾಮಿನ ಬಾಟಲಿಗಳು. ಬಾಯಿ ಅಗಲ, ಮೈ ನೇರ, ತಳ ದಪ್ಪ. ಜಾಮನ್ನು ಕುದಿಯುವಾಗಲೇ ತುಂಬಿಸುತ್ತಾರೆ, ಹಾಗಾಗಿ ಮೇಣದ ಬಿಸಿ ಇದಕ್ಕೆ ಲೆಕ್ಕವೇ ಅಲ್ಲ ಎಂದು ಕಾಕ ಹೇಳಿದರು. ನನ್ನ ಹತ್ತು ನಿಮಿಷದ ಪಾಠ ಅಲ್ಲಿಗೆ ಮುಗಿಯಿತು. ಉಗುರಿನಿಂದ ಒಂದೊಂದನ್ನೇ ತಟ್ಟಿ, ಆ ಶಬ್ದದಿಂದಲೇ ಬಿರುಕಿಲ್ಲವೆಂದು ತೋರಿಸಿದರು. ಎಲ್ಲಕ್ಕಿಂತ ಆಶ್ಚರ್ಯವೆಂದರೆ ಅವು ಥಳಥಳ ಎನ್ನುತ್ತಿದ್ದವು. ಲೇಬಲಿನ ಅಂಟು ಕೂಡ ಇಲ್ಲ. ಅಂಟು ತೆಗೆಯಲು ತೆಂಗಿನೆಣ್ಣೆ ಉಜ್ಜಿ ಕೂತವಳು ನಾನು, ಆ ಕೆಲಸ ಎಂಥದ್ದೆಂದು ನನಗೆ ಗೊತ್ತು.

“ಒಬ್ಬರು ಸ್ಕೂಟರಲ್ಲಿ ತಂದು ಕೊಡ್ತಾರೆ. ತೊಳೆದು, ಒರೆಸಿ, ಮುಚ್ಚಳ ಬೇರೆ ಚೀಲದಲ್ಲಿ ಕಟ್ಟಿ,” ಎಂದರು ಕಾಕ. “ಇಷ್ಟು ಕ್ಲೀನ್ ಇದ್ದದ್ದನ್ನು ಒಡೆದು ಹಾಕ್ಲಿಕ್ಕೆ ನನಗೆ ಮನಸ್ಸು ಬರ್ಲಿಲ್ಲ ಟೀಚರೇ.”

ಇಂಥ ಗಂಡನನ್ನು ಪಡೆಯಲು ಅವರ ಹೆಂಡತಿ ಪುಣ್ಯ ಮಾಡಿರಬೇಕು ಎಂದೆ. ನನ್ನ ಗಂಡ ಕುಡಿದ ಲೋಟವನ್ನು ಕೂತಲ್ಲೇ ಬಿಡುವವರು.

“ಹೆಂಡತಿ ಭಾರೀ ಜೋರಂತೆ,” ಎಂದರು ಕಾಕ. “ಅವರೇ ಹೇಳಿದ್ದು. ಪಾಪದ ಜನ.”

ಆ ಜೋರಿನ ಹೆಂಗಸಿನ ಮೇಲೆ ನನಗೆ ಸ್ವಲ್ಪ ಸಿಟ್ಟೇ ಬಂತು. ಬಾಟಲಿ ಇಪ್ಪತ್ತಮೂರು ಇದ್ದವು. ಒಂದು ಕಡಿಮೆ. ಅವರು ಇನ್ನೊಮ್ಮೆ ಬಂದರೆ ತೆಗೆದಿಡುತ್ತೇನೆ, ಈಗೀಗ ಬೇಗ ಬೇಗ ಬರುತ್ತಾರೆ ಎಂದು ಕಾಕ ಧೈರ್ಯ ಹೇಳಿದರು. ನಾನು ರಿಕ್ಷಾದಲ್ಲಿ ಪೆಟ್ಟಿಗೆಗಳನ್ನು ತೊಡೆಯ ಮೇಲಿಟ್ಟುಕೊಂಡು ಗೆದ್ದವಳ ಠೀವಿಯಲ್ಲಿ ಮನೆಗೆ ಬಂದೆ.

ಮುಚ್ಚಳದ ಚೀಲ ಬಿಚ್ಚಿದ್ದು ಮನೆಯಲ್ಲಿ. ಪ್ರತಿ ಮುಚ್ಚಳದ ಮೇಲೂ ಕಪ್ಪು ಮಾರ್ಕರಿನಲ್ಲಿ, ಅಚ್ಚುಹಾಕಿದಂಥ ಅಕ್ಷರದಲ್ಲಿ, ಒಂದೊಂದು ತಾರೀಕು ಇತ್ತು. ಏಳರ ಅಂಕಿಗೆ ನಡುವೆ ಒಂದು ಅಡ್ಡಗೆರೆ.

ನಾನು ತಲೆ ಎತ್ತಿ ಅಡುಗೆಮನೆಯ ಕಪಾಟು ನೋಡಿದೆ. ಜೀರಿಗೆ, ಸಾಸಿವೆ, ಮೆಂತೆ, ಎಲ್ಲ ಡಬ್ಬಗಳ ಮುಚ್ಚಳದ ಮೇಲೂ ಅದೇ ಅಕ್ಷರ, ಅದೇ ಅಡ್ಡಗೆರೆಯ ಏಳು. ನನ್ನ ಗಂಡ ನಿವೃತ್ತಿಯಾಗುವವರೆಗೆ ಒಂದು ಕಂಪೆನಿಯ ಉಗ್ರಾಣ ನೋಡಿಕೊಂಡವರು. ತೆರೆದ ವಸ್ತುವಿನ ಮೇಲೆ ತಾರೀಕು ಹಾಕದಿದ್ದರೆ ಅವರಿಗೆ ಕೈ ತುರಿಸುತ್ತದೆ. ಕಳ್ಳತನಕ್ಕೂ ತಾರೀಕು ಹಾಕುವ ಕಳ್ಳನನ್ನು ನಾನು ಮದುವೆಯಾಗಿದ್ದೆ. ಜೋರಿನ ಹೆಂಡತಿಯೂ ಯಾರೆಂದು ಗೊತ್ತಾಯಿತು.

ಮುಚ್ಚಳಗಳನ್ನು ಊಟದ ಮೇಜಿನ ಮೇಲೆ ತಾರೀಕಿನ ಕ್ರಮದಲ್ಲಿ ಇಟ್ಟೆ. ಮೊದಮೊದಲು ಒಂದು ಬಾಟಲಿ ಒಂದೂವರೆ ತಿಂಗಳು ಬಂದಿತ್ತು. ಆಮೇಲೆ ಮೂರು ವಾರ. ಕೊನೆಯ ನಾಲ್ಕು ಬಾಟಲಿ ತಲಾ ಹತ್ತು ದಿನ ಕೂಡ ಬಂದಿರಲಿಲ್ಲ. ಅಷ್ಟರವರೆಗೆ ನನಗೆ ಸಿಟ್ಟು ಇತ್ತು, ಒಂದಿಷ್ಟು ನಗುವೂ ಇತ್ತು. ಆ ಕೊನೆಯ ನಾಲ್ಕನ್ನು ನೋಡಿದ ಮೇಲೆ ಹೆದರಿಕೆ ಮಾತ್ರ ಉಳಿಯಿತು. ಆ ಹೆಬ್ಬೆರಳನ್ನು ದಿನಕ್ಕೆರಡು ಸಲ ತೊಳೆದು ಬಟ್ಟೆ ಕಟ್ಟುತ್ತಿದ್ದವಳು ನಾನು.

ಡಾಕ್ಟರು ಹೇಳಿದ ವಾಕಿಂಗ್ ಮುಗಿಸಿ ಅವರು ಬಂದರು. ವಾಕಿಂಗ್ ಎಂದರೆ ಪಾರ್ಕಿನವರೆಗೆ ಸ್ಕೂಟರಿನಲ್ಲಿ ಹೋಗುವುದು. ಮೇಜನ್ನು ನೋಡಿದರು, ಗೋಡೆ ಬದಿಯ ಬಾಟಲಿಗಳನ್ನು ನೋಡಿದರು, ಕುರ್ಚಿ ಎಳೆದು ಕೂತರು. ನಾನು ತಯಾರು ಮಾಡಿಟ್ಟ ಭಾಷಣ ಉದ್ದವಿತ್ತು. ಅವರೇ ಮೊದಲು ಬಾಯಿ ತೆರೆದರು.

“ನಿನಗೆ ಎಷ್ಟು ಬಾಟ್ಲಿ ಬೇಕಿತ್ತು?” ಎಂದು ಕೇಳಿದರು.

“ಇಪ್ಪತ್ತನಾಲ್ಕು.”

“ಇಲ್ಲಿ ಇಪ್ಪತ್ತಮೂರು ಉಂಟು.” ಉಗ್ರಾಣದವರು, ನೋಡಿದ ಕೂಡಲೇ ಎಣಿಸಿಬಿಟ್ಟಿದ್ದರು. ಎದ್ದು ಕುಂಟುತ್ತಾ ಅಂಗಳಕ್ಕೆ ಹೋಗಿ, ಸ್ಕೂಟರಿನ ಸೀಟು ಎತ್ತಿ, ಪೇಪರಿನಲ್ಲಿ ಸುತ್ತಿದ ಬಾಟಲಿಯೊಂದನ್ನು ತಂದು ಮೇಜಿನ ಮೇಲಿಟ್ಟರು. ಜೊತೆಗೆ ನನ್ನ ಡಜನ್ ಸ್ಟೀಲ್ ಚಮಚಗಳ ಪೈಕಿ ಒಂದೂವರೆ ವರ್ಷದಿಂದ ಕಾಣೆಯಾಗಿದ್ದ ಒಂದು.

“ಇದರಲ್ಲಿ ಅರ್ಧ ಉಂಟು,” ಎಂದರು. “ಖಾಲಿ ಮಾಡಿ ಕೊಡ್ಲಾ?”

ಅವರು ತಮಾಷೆ ಮಾಡಲಿಲ್ಲ. ನನಗೆ ಉಪಕಾರ ಮಾಡಲು ನೋಡುತ್ತಿದ್ದರು. ಬಾಟಲಿಯನ್ನು ನನ್ನ ಕಡೆಗೆ ಎಳೆದುಕೊಂಡೆ. ಅನಾನಸಿನ ಜಾಮ್. ಎರಡು ವರ್ಷದಿಂದ ಸಿಹಿ ಮುಟ್ಟದವಳು ಆ ಚಮಚದಿಂದಲೇ ತಿನ್ನಲು ಶುರುಮಾಡಿದೆ. ಮೊದಲ ಚಮಚ ರುಚಿಯಾಗಿತ್ತು, ಸುಳ್ಳು ಹೇಳಲಾರೆ. ನಾಲ್ಕನೆಯದಕ್ಕೆ ಸಿಹಿ ಸಾಕೆನಿಸಿತು, ಚಮಚ ಬಿಡಲಿಲ್ಲ. ಅವರು ಚಮಚ ಹೋಗಿ ಬರುವುದನ್ನೇ ನೋಡುತ್ತಾ ಕೂತಿದ್ದರು. ನನ್ನ ಕಣ್ಣಿಂದ ನೀರು ಇಳಿಯುತ್ತಿತ್ತು. ಬೈದು ಬೈದು ಇವರನ್ನು ಸ್ಕೂಟರಿನ ಸೀಟಿನ ಕೆಳಗೆ ಬಚ್ಚಿಟ್ಟು ತಿನ್ನುವ ಹಾಗೆ ಮಾಡಿದವಳು ನಾನೇ ಅಲ್ಲವೇ ಎನಿಸಿತು. ತಳ ಕಾಣುವವರೆಗೆ ತಿಂದೆ.

ಬಾಟಲಿಯನ್ನು ತೊಳೆದೆ. ಮುಚ್ಚಳದ ಮೇಲೆ ತೆರೆದ ದಿನದ ತಾರೀಕು ಇತ್ತು. ಟೀಚರಾಗಿದ್ದಾಗಿನ ಕೆಂಪು ಪೆನ್ನು ತಂದು, ಅದರ ಕೆಳಗೆ ಮುಗಿದ ದಿನದ ತಾರೀಕು ಬರೆದು ಅವರ ಮುಂದಿಟ್ಟೆ.

ಅವರು ಅದನ್ನು ಓದಿದರು. ಆಮೇಲೆ ಮುಚ್ಚಳವನ್ನು ಸಾಲಿನ ಕೊನೆಗೆ ಸರಿಯಾಗಿ ಜೋಡಿಸಿ, ಚಪ್ಪಲಿ ಬಿಚ್ಚಿ, ಎಡಗಾಲನ್ನು ಸ್ಟೂಲಿನ ಮೇಲೆ ಇಟ್ಟರು. ಗಾಯದ ಬಟ್ಟೆ ಬದಲಿಸುವ ಹೊತ್ತಾಗಿತ್ತು.