ಅಕ್ಕಿ ಗೋದಾಮಿನ ಆಪಾ

ತಲೆಯ ಮೇಲಿನ ಸೆರಗಿನ ಬಿಗಿಯಲ್ಲಿ ಫೋನನ್ನು ಕಿವಿಗೆ ಸಿಕ್ಕಿಸಿಕೊಂಡು, ಬಳೆ ತುಂಬಿದ ಎರಡೂ ಕೈ ಬೀಸುತ್ತ, ಅಷ್ಟು ದೊಡ್ಡ ಲಾರಿಯನ್ನು ಹಿಂದಕ್ಕೆ ಕರೆಯುತ್ತಿದ್ದರು ಆಪಾ. ಸಿಂಧನೂರಿನ ಅಕ್ಕಿ ಗೋದಾಮಿನಲ್ಲಿ ಲೋಡಿಗೆ ಯಾವ ಲಾರಿ ಯಾವಾಗ ಒಳಗೆ ಬರಬೇಕೆಂದು ಹೇಳುವುದು ಅವರ ಕೆಲಸ. ಕನ್ನಡ, ದಖ್ಖನಿ, ತೆಲುಗು, ಮೂರರಲ್ಲೂ ಚೆನ್ನಾಗಿ ಬೈಯುತ್ತಿದ್ದರು. ಆಪಾ ಎಂದರೆ ಅಕ್ಕ; ನಮಗೆ ಡ್ರೈವರ್‌ಗಳಿಗೆಲ್ಲ ಅವರು ಅಕ್ಕನೇ.

ಅವರು ಬರುವ ಮೊದಲು, ಬಂದವನು ತನ್ನ ಟವೆಲನ್ನು ಗೇಟಿನ ಪಕ್ಕದ ತಂತಿಬೇಲಿಗೆ ಕಟ್ಟಿ ಪಾಳಿ ಹಿಡಿಯಬೇಕಿತ್ತು. ಯಾರಾದರೂ ಸರಿಸಿಯಾರೆಂದು ಊಟಕ್ಕೂ ಹೋಗದೆ ಕಾಯುತ್ತಿದ್ದೆವು. ರಸ್ತೆ ತುಂಬ ಲಾರಿ, ದಿನವೆಲ್ಲ ಜಗಳ. ಆಪಾ ಎಲ್ಲರನ್ನೂ ಒಂದು ವಾಟ್ಸಾಪ್ ಗುಂಪಿಗೆ ಸೇರಿಸಿ, ಮಸ್ಕಿಯಲ್ಲೋ ಲಿಂಗಸುಗೂರಿನಲ್ಲೋ ನೆರಳಿಗೆ ನಿಲ್ಲಿ, ಪಾಳಿ ಬಂದಾಗ ಕರೆಯುತ್ತೇನೆ ಎಂದರು. ನಂಬುವವರು ಯಾರು? ಗುಂಪಿಗೂ ಸೇರಿದೆವು, ಬೇಲಿಗೆ ಟವೆಲನ್ನೂ ಕಟ್ಟಿದೆವು. ಅವರ ಎದುರಿಗೇ ನಿಂತು, ನನ್ನ ಪಾಳಿ ಬಂತೇನ್ರಿ ಎಂದು ಫೋನಿನಲ್ಲಿ ಕೇಳುತ್ತಿದ್ದ ಶೂರರು ನಾವು.

ಒಂದು ಮಧ್ಯಾಹ್ನ ನನ್ನ ಲಾರಿ ಅರ್ಧ ಲೋಡಾಗಿತ್ತು. ಪಾಮನಕಲ್ಲೂರಿನಿಂದ ಅವ್ವನ ಫೋನ್ ಬಂತು. ದಿನ ತುಂಬುವ ಮೊದಲೇ ಹೆಂಡತಿಗೆ ಬೇನೆ ಶುರುವಾಗಿತ್ತು, ಊರಲ್ಲಿ ಒಂದೂ ಗಾಡಿ ಸಿಕ್ಕಿರಲಿಲ್ಲ. ನಾನು ಹೊರಟರೂ ಗಂಟೆಯ ಮೇಲೆ ದಾರಿ. ನನ್ನ ಮುಖ ನೋಡಿ ಆಪಾ ಏನಾಯಿತೆಂದು ಕೇಳಿದರು. ಹೇಳಿದೆ. ಅವರು ಫೋನು ಬಾಯಿಗೆ ಹಿಡಿದು ಗುಂಪಿಗೆಲ್ಲ ಕೇಳುವಂತೆ ದನಿ ಕಳಿಸಿದರು.

"ಪಾಮನಕಲ್ಲೂರ ಹತ್ರ ಯಾರದೀರಿ? ನಮ್ಮ ಡ್ರೈವರನ ಹೆಂಡ್ತಿ ಬ್ಯಾನಿ ತಿನ್ನಾಕತ್ತಾಳ. ಖಾಲಿ ಗಾಡಿ ಇದ್ದವ್ರು ತಿರುಗಸ್ರಿ. ನಿಮ್ಮ ಪಾಳಿ ಎಲ್ಲಿ ಹೋಗಂಗಿಲ್ಲ, ನಾ ಅದೀನಿ."

ಅದನ್ನೇ ದಖ್ಖನಿಯಲ್ಲೂ ಹೇಳಿದರು. ಲಿಂಗಸುಗೂರು ಕಡೆಯಿಂದ ಲೋಡಿಗೆ ಬರುತ್ತಿದ್ದ ಒಬ್ಬ ಕೂಡಲೇ, "ಹೊಂಟೀನ್ರಿ ಆಪಾ" ಎಂದ. ಅವನ ಮುಖ ನಾನು ನೋಡಿರಲಿಲ್ಲ. ಊರು ಮುಟ್ಟಿದೆ, ಹೆಣ್ಣುಮಕ್ಕಳನ್ನು ಹತ್ತಿಸಿಕೊಂಡೆ, ಮಸ್ಕಿ ಆಸ್ಪತ್ರೆ ಬಂತು ಎಂದು ಅವನು ಗುಂಪಿನಲ್ಲಿ ಹೇಳುತ್ತ ಹೋದಂತೆ ಹಮಾಲರು ಚೀಲ ಇಳಿಸಿ ನನ್ನ ಸುತ್ತ ನಿಂತರು. ಆಮೇಲೆ ಬಹಳ ಹೊತ್ತು ಏನೂ ಬರಲಿಲ್ಲ.

ಕೊನೆಗೆ ಬಂದದ್ದು ಕೂಸಿನ ಅಳು. ನನ್ನ ಫೋನಿನಲ್ಲಿ, ಆಪಾರ ಕಿವಿಯಲ್ಲಿ, ಬೇಲಿಯಾಚೆ ಒಂದೊಂದು ಲಾರಿಯ ಕ್ಯಾಬಿನ್ನಿನಲ್ಲೂ ಅದೇ ಅಳು. ಆ ಧೂಳಿನ ಅಂಗಳವೆಲ್ಲ ನನ್ನ ಮಗಳು ಅತ್ತಳು. ಇಷ್ಟು ವರ್ಷ ರಸ್ತೆ ಸವೆಸಿದ್ದೇನೆ, ಅಂಥದ್ದನ್ನು ಎಲ್ಲೂ ಕೇಳಿಲ್ಲ.

ಕಾಲಿಗೆ ಬೀಳಹೋದರೆ ಆಪಾ ಕೈ ಚಾಚಿ ಲಾರಿಯ ಕೀಲಿ ಕೇಳಿದರು. "ಮಸ್ಕಿಗೆ ಹೋಗು, ನಿನ್ನ ಲೋಡ್ ನಾ ನೋಡ್ಕೋತೀನಿ." ಸಂಜೆ ಆ ಡ್ರೈವರ್ ಬಂದಾಗ ಉಳಿದವರೆಲ್ಲ ಲಾರಿ ಸರಿಸಿ ಅವನನ್ನು ಮುಂದೆ ಬಿಟ್ಟರಂತೆ.

ಹೋದ ಬೇಸಿಗೆಯಲ್ಲಿ ಆಪಾ ತೀರಿಕೊಂಡರು. ಇನ್ನು ಸ್ವಲ್ಪ ತಡವಾಗಿದ್ದರೆ ತಾಯಿ, ಕೂಸು ಇಬ್ಬರೂ ಉಳಿಯುತ್ತಿರಲಿಲ್ಲ ಎಂದು ಮಗಳು ಹುಟ್ಟಿದ ದಿನ ಡಾಕ್ಟರು ಹೇಳಿದ್ದರು. ಈಗ ನಾನು ಮನೆಗೆ ಹೋದರೆ ಹೆಂಡತಿ ಇದ್ದಾಳೆ, ಮಗಳೂ ಇದ್ದಾಳೆ. ಆಪಾ ನನಗೆ ಏನಾಗಬೇಕೆಂದು ಕೇಳಿದವರಿಗೆ ಅವರಿಬ್ಬರನ್ನು ತೋರಿಸುತ್ತೇನೆ.